ಹುಳುಮನೆಗೆ ಕಿಟಕಿ, ಅಡುಗೆಮನೆಗೆ ಗೋಡೆ

ಹೊಸಕೋಟೆ ತಾಲ್ಲೂಕಿನಲ್ಲಿ ರೇಷ್ಮೆ ಬೆಳೆಯುವ ಯಾರನ್ನಾದರೂ ಹುಳುಮನೆ ಹೇಗಿರಬೇಕೆಂದು ಕೇಳಿ ನೋಡಿ. ಎದುರುಬದುರು ಕಿಟಕಿ ಇರಬೇಕು, ಸೂರಿನ ಕೆಳಗೆ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡಬೇಕು, ಕಿಟಕಿಗೆ ಊಜಿನೊಣದ ಜಾಲರಿ ಹೊಡೆಸಬೇಕು, ನಾಲ್ಕನೇ ಜ್ವರ ಎದ್ದ ಹುಳುವಿಗಂತೂ ಗಾಳಿ ಕಟ್ಟಿದರೆ ಬೆಳೆ ಕೈಕೊಡುತ್ತದೆ, ಹತ್ತಿರದಲ್ಲಿ ಹೊಗೆ ಸುಳಿಯಬಾರದು ಎಂದು ತಡವರಿಸದೆ ಹೇಳುತ್ತಾರೆ. ಇದನ್ನು ರೇಷ್ಮೆ ಇಲಾಖೆ ದಶಕಗಳಿಂದ ಹೇಳಿಕೊಟ್ಟಿದೆ, ರೈತರು ನಷ್ಟ ಉಂಡೂ ಕಲಿತಿದ್ದಾರೆ. 24ರಿಂದ 28 ಡಿಗ್ರಿ ಶಾಖ, ಹದವಾದ ತೇವ, ಓಡಾಡುವ ಗಾಳಿ ಕೂಡಿದರೆ ಗೂಡು ಗಟ್ಟಿಯಾಗುತ್ತದೆ. ಅದೇ ಅಂಗಳದಲ್ಲಿ ಹತ್ತು ಹೆಜ್ಜೆ ಆಚೆಗಿರುವ ಅಡುಗೆಮನೆಯ ಮಾತು ಬೇರೆ. ಎಷ್ಟೋ ಮನೆಗಳಲ್ಲಿ ಅಲ್ಲಿರುವುದು ಒಂದೇ ಕಿಟಕಿ. ಅದರಾಚೆ ಎರಡಡಿ ದೂರಕ್ಕೆ ಪಕ್ಕದ ಮನೆಯ ಗೋಡೆ. ಬಚ್ಚಲಿನ ಹಂಡೆ ಒಲೆಗೆ ಅದೂ ಇಲ್ಲ.

ಮನೆಯೊಳಗೆ ಗಾಳಿ ಆಡುವುದಕ್ಕೂ ಮನೆಮಂದಿ ಒಳಗೆಳೆದುಕೊಳ್ಳುವ ಹೊಗೆಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ನಾಲ್ಕು ದಶಕಗಳಿಂದ ಅಳೆಯುತ್ತಿದ್ದಾರೆ. ಅಮೆರಿಕದ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆ ಅಳತೆಯ ಉಪಕರಣ ಕಟ್ಟಿ ನಡೆಸಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಅಲ್ಲಿಂದ ಇಲ್ಲಿಯವರೆಗೆ ಗೊತ್ತಾಗಿರುವುದನ್ನು ನಮ್ಮ ಸೀಮೆಯ ಮನೆಗಳ ಎದುರು ಇಟ್ಟು ನೋಡುವುದು ಈ ಬರಹದ ಕೆಲಸ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಗಾಳಿಯೊಂದೇ ಸೌದೆ ಒಲೆಯನ್ನು ನಿರಪಾಯ ಮಾಡಲಾರದು. ಗ್ಯಾಸ್ ಬಂದ ಮನೆಗೂ ಗಾಳಿ ಬೇಡವೆಂದಿಲ್ಲ. ಈ ಎರಡನ್ನೂ ಒಟ್ಟಿಗೆ ಯೋಚಿಸದ ಕಾರಣ ಒಲೆಯ ಯೋಜನೆಗಳು ಒಂದು ಕಡೆ, ಮನೆಯ ಯೋಜನೆಗಳು ಇನ್ನೊಂದು ಕಡೆ ನಡೆದು, ಹೊಗೆ ಮಾತ್ರ ಮನೆಯಲ್ಲೇ ಉಳಿದಿದೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು ಅಪಾಯಕಾರಿ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ಪಿಎಂ 2.5, ತಲೆಗೂದಲಿನ ದಪ್ಪದ ಮೂವತ್ತನೇ ಒಂದರಷ್ಟೂ ಇರುವುದಿಲ್ಲ. ಅವು ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತವೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಫಾರ್ಮಾಲ್ಡಿಹೈಡ್ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5ರ ಪ್ರಮಾಣ ದಿನದ ಸರಾಸರಿ 15 ಮೈಕ್ರೋಗ್ರಾಂ, ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು. 2009ರಲ್ಲಿ ಭಾರತ ನಿಗದಿ ಮಾಡಿದ ಮಿತಿ ದಿನಕ್ಕೆ 60, ವರ್ಷಕ್ಕೆ 40. ನಮ್ಮ ಮಿತಿ ಇರುವುದು ಹೊರಗಿನ ಗಾಳಿಗೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರಗಳು ನಿಂತಿರುವುದೂ ಬೀದಿ ಬದಿಯಲ್ಲಿ, ಒಲೆಯ ಬದಿಯಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2.37 ಲಕ್ಷಕ್ಕೂ ಹೆಚ್ಚು.

ನಮಗೆ ಹತ್ತಿರದ ದೊಡ್ಡ ಅಳತೆ ಆಂಧ್ರಪ್ರದೇಶದ್ದು. ಚೆನ್ನೈನ ಶ್ರೀ ರಾಮಚಂದ್ರ ವೈದ್ಯಕೀಯ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ಅಲ್ಲಿನ ಮೂರು ಜಿಲ್ಲೆಗಳ ನಾನೂರಕ್ಕೂ ಹೆಚ್ಚು ಹಳ್ಳಿ ಮನೆಗಳಲ್ಲಿ ದಿನವಿಡೀ ಗಾಳಿ ಅಳೆದು 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಸಿರಿನೊಂದಿಗೆ ಒಳಹೋಗುವಷ್ಟು ಸಣ್ಣ ಕಣಗಳ ದಿನದ ಸರಾಸರಿ ಗ್ಯಾಸ್ ಬಳಸುವ ಮನೆಗಳಲ್ಲಿ 73 ಇದ್ದರೆ ಸೌದೆ, ಬೆರಣಿಯಂಥ ಉರುವಲಿನ ಮನೆಗಳಲ್ಲಿ 732ರವರೆಗೆ ಇತ್ತು. ಅದೇ ಸೌದೆ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡಿದ್ದು ಸರಾಸರಿ 442, ಮಕ್ಕಳು 289, ಗಂಡಸರು 204. ಗಂಡಸರಲ್ಲಿ ಹೆಚ್ಚು ಹೊಗೆ ಕುಡಿದವರು 65 ದಾಟಿದ ವೃದ್ಧರು, ಅಂದರೆ ಹಗಲೆಲ್ಲ ಮನೆಯಲ್ಲೇ ಇರುವವರು. ಮಾಲಿನ್ಯದ ಪ್ರಮಾಣವನ್ನು ತೀರ್ಮಾನಿಸುವುದರಲ್ಲಿ ಉರುವಲಿನ ಜೊತೆಗೆ ಅಡುಗೆಮನೆಯ ಬಗೆಗೂ ಸ್ಪಷ್ಟ ಪಾಲಿತ್ತು. ಒಲೆ ವಾಸದ ಕೋಣೆಯೊಳಗೇ ಇದೆಯೆ, ನಡುವೆ ಅಡ್ಡಗೋಡೆ ಇದೆಯೆ, ಅಡುಗೆಮನೆ ಪ್ರತ್ಯೇಕವಾಗಿದೆಯೆ, ಅಡುಗೆ ಬಯಲಲ್ಲೆ ಎಂಬ ನಾಲ್ಕು ಬಗೆಗಳಲ್ಲಿ ಅವರು ಮನೆಗಳನ್ನು ವಿಂಗಡಿಸಿದ್ದರು. ನಂದಗುಡಿ, ಜಡಿಗೇನಹಳ್ಳಿ ಹೋಬಳಿಗಳ ಯಾವ ಊರಿನಲ್ಲಿ ಒಂದು ಸುತ್ತು ಬಂದರೂ ಈ ನಾಲ್ಕೂ ಬಗೆ ಕಣ್ಣಿಗೆ ಬೀಳುತ್ತವೆ.

ಈ ಅಂಕಿಗಳಲ್ಲಿ ಅಡಗಿರುವ ಒಂದು ವ್ಯತ್ಯಾಸವನ್ನು ಬಿಡಿಸಿ ನೋಡಬೇಕು. ಕೋಣೆಯಲ್ಲಿ ಹೊಗೆ ಎಷ್ಟಿದೆ ಎನ್ನುವುದು ಒಂದು ಲೆಕ್ಕ, ಒಬ್ಬರು ಎಷ್ಟನ್ನು ಉಸಿರಾಡಿದರು ಎನ್ನುವುದು ಇನ್ನೊಂದು. ಎರಡನೆಯದು ಅವರು ಎಲ್ಲಿ, ಎಷ್ಟು ಹೊತ್ತು, ಯಾವ ಭಂಗಿಯಲ್ಲಿ ಇದ್ದರು ಎಂಬುದರ ಮೇಲೆ ನಿಂತಿದೆ. ನಮ್ಮ ಕಡೆಯ ಮುದ್ದೆಯನ್ನೇ ತೆಗೆದುಕೊಳ್ಳಿ. ಅನ್ನವಾದರೆ ಒಲೆ ಮೇಲಿಟ್ಟು ಆಚೆ ಹೋಗಿ ಬರಬಹುದು. ಮುದ್ದೆಗೆ ಹಿಟ್ಟು ಬೆಂದ ಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಬಗ್ಗಿ, ಮೈಯ ಬಲವನ್ನೆಲ್ಲ ಹಾಕಿ ತಿರುವಬೇಕು. ಉಸಿರು ಜೋರಾಗಿ ಓಡುವ ಹೊತ್ತಿನಲ್ಲೇ ಮುಖ ಬೆಂಕಿಯ ಮೇಲಿರುತ್ತದೆ. ಕೋಣೆಯ ಮೂಲೆಯಲ್ಲಿಟ್ಟ ಯಂತ್ರಕ್ಕೆ ಈ ಕ್ಷಣ ಗೊತ್ತಾಗುವುದಿಲ್ಲ. ಆಗ ಅಮ್ಮನ ಬೆನ್ನಿಗೋ ಸೊಂಟಕ್ಕೋ ಅಂಟಿಕೊಂಡ ಮಗು ಕೂಡ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ.

ಗಾಳಿಯ ಓಡಾಟ ಈ ಲೆಕ್ಕವನ್ನು ಎಷ್ಟು ಬದಲಿಸುತ್ತದೆ? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಮನೆಯ ಉರುವಲಿನ ಬಗ್ಗೆ ಮಾರ್ಗಸೂಚಿ ಬರೆದಾಗ ಮಾದರಿಯಾಗಿ ಇಟ್ಟುಕೊಂಡದ್ದು ಇಂಥದೇ ಅಡುಗೆಮನೆಯನ್ನು: 30 ಘನ ಮೀಟರ್, ಗಂಟೆಗೆ 15 ಸಲ ಗಾಳಿ ಪೂರ್ತಿ ಬದಲಾಗುವಂಥದ್ದು. ಅಂದರೆ ನಾಲ್ಕು ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯಷ್ಟೇ ಹೊಸ ಗಾಳಿ. ಈಗ ನಿಮಿಷಕ್ಕೆ 20 ಮಿಲಿಗ್ರಾಂ ಕಣ ಉಗುಳುವ ಸೌದೆ ಒಲೆಯನ್ನು ಅಲ್ಲಿ ಉರಿಸಿದೆವೆಂದು ಇಟ್ಟುಕೊಳ್ಳಿ. ಹಳೆಯ ಒಲೆಗೆ ಇದೇನೂ ಅತಿಯಾದ ಪ್ರಮಾಣವಲ್ಲ. ಉರಿಯುವಷ್ಟು ಹೊತ್ತೂ ಕೋಣೆಯ ಗಾಳಿಯಲ್ಲಿ ಸುಮಾರು 2,670 ಮೈಕ್ರೋಗ್ರಾಂ ಇರುತ್ತದೆ. ಗಾಳಿ ಗಂಟೆಗೆ ಐದೇ ಸಲ ಬದಲಾದರೆ ಅದು 8,000ಕ್ಕೆ ಏರುತ್ತದೆ. ಮೂವತ್ತು ಸಲ ಬದಲಾದರೆ 1,330ಕ್ಕೆ ಇಳಿಯುತ್ತದೆ. ಒಂದೇ ಒಲೆ, ಒಂದೇ ಸೌದೆ, ಆದರೆ ಒಂದು ಕೋಣೆಗೂ ಇನ್ನೊಂದಕ್ಕೂ ಆರು ಪಟ್ಟು ಅಂತರ. ಈ ಅಂತರ ಯಾವ ಔಷಧಿಯಿಂದಲೂ ಸಿಗುವಂಥದ್ದಲ್ಲ.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ಅತ್ಯುತ್ತಮವಾಗಿ ಗಾಳಿ ಆಡುವ ಆ 1,330ರ ಕೋಣೆಯಲ್ಲಿ ದಿನಕ್ಕೆ ಮೂರು ಗಂಟೆ ಅಡುಗೆ ಮಾಡಿ, ಉಳಿದ 21 ಗಂಟೆ ಶುದ್ಧ ಗಾಳಿಯಲ್ಲಿ ಕಳೆದರೂ ದಿನದ ಸರಾಸರಿ 160 ದಾಟುತ್ತದೆ. ಭಾರತದ ಉದಾರ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು. ಗಾಳಿ ಹೊಗೆಯನ್ನು ಭಾಗಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಕಿಟಕಿ ಇಟ್ಟರೆ ಸೌದೆ ಒಲೆಯಿಂದ ತೊಂದರೆಯಿಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಹಾಗೆಯೇ ಒಲೆ ಆರಿದ ಮೇಲಿನ ಹೊತ್ತನ್ನೂ ಮರೆಯಬೇಡಿ. ಗಂಟೆಗೆ 15 ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಉಳಿದ ಹೊಗೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಲು ಹತ್ತು ನಿಮಿಷ ಸಾಕು. ಒಂದೇ ಸಲ ಬದಲಾಗುವ, ಕದ ಕಿಟಕಿ ಮುಚ್ಚಿದ ಮನೆಯಲ್ಲಿ ಅದಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ರಾತ್ರಿ ಊಟ ಮುಗಿಸಿ ಕದವಿಕ್ಕಿ ಮಲಗಿದ ಮನೆಮಂದಿ ನಿದ್ದೆಯ ಮೊದಲ ಜಾವವನ್ನೆಲ್ಲ ಆ ಹೊಗೆಯಲ್ಲೇ ಕಳೆಯುತ್ತಾರೆ.

ನಮ್ಮ ಹಳೆಯ ಮನೆಗಳಿಗೆ ಈ ಅರಿವು ಸ್ವಲ್ಪ ಇತ್ತು. ನಾಡಹೆಂಚಿನ ಮಾಡು ಸಂದುಸಂದಿನಿಂದ ಹೊಗೆ ಬಿಡುತ್ತಿತ್ತು. ಬೆಳಗಿನ ಜಾವ ಊರನ್ನು ದೂರದಿಂದ ನೋಡಿದರೆ ಮಾಡಿಗೆ ಮಾಡೇ ಹೊಗೆಯಾಡುವುದು ಕಾಣುತ್ತಿತ್ತು. ಒಲೆಯ ನೇರಕ್ಕೆ ಬೆಳಕಿಂಡಿ, ಅನುಕೂಲಸ್ಥರಿಗೆ ಹೊಗೆಗೂಡು, ದೊಡ್ಡ ಮನೆಗಳಿಗೆ ತೊಟ್ಟಿ ಇರುತ್ತಿದ್ದವು. ಹಾಗೆಂದು ಹಳೆಯದನ್ನು ಕೊಂಡಾಡಲಾರೆ. ಅವು ಕತ್ತಲೆಯ ಮನೆಗಳು. ತೊಲೆಗಳ ಮೇಲೆ ಅಂಗುಲ ದಪ್ಪದ ಇಲ್ಲಣ. ಬಿತ್ತನೆಯ ಜೋಳದ ತೆನೆಗೆ ಹುಳ ಬೀಳದಿರಲೆಂದು ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹೊಗೆ ಬೀಜಕ್ಕೂ ತೊಲೆಗೂ ರಕ್ಷೆಯಾದ್ದರಿಂದ ಜನ ಅದನ್ನು ಸಹಿಸಿಕೊಂಡರು. ಆಮೇಲೆ ಸಂದು ಕಡಿಮೆಯಿರುವ ಮಂಗಳೂರು ಹೆಂಚು ಬಂತು, ಕಲ್ಲುಚಪ್ಪಡಿ ಬಂತು, ಸಿಮೆಂಟ್ ಶೀಟು ಬಂತು, ಕೊನೆಗೆ ಆರ್‌ಸಿಸಿ ಬಂತು. ಮನೆ ಭದ್ರವಾಯಿತು, ಮಳೆಗೆ ಸೋರುವುದು ನಿಂತಿತು. ಅದರೊಂದಿಗೆ ಹೊಗೆಯ ದಾರಿಯೂ ಮುಚ್ಚಿತು. ಮಾಡು ಬದಲಾದ ವೇಗದಲ್ಲಿ ಒಲೆ ಬದಲಾಗಲಿಲ್ಲ. ಈ ನಡುಗಾಲದಲ್ಲಿ ಸಿಕ್ಕಿಕೊಂಡ ಮನೆಗಳೇ ನನ್ನ ಮಟ್ಟಿಗೆ ಅತಿ ಹೆಚ್ಚು ಆತಂಕದವು.

ದಿಕ್ಕಿನ ಮಾತೂ ಇದೆ. ಬಹುತೇಕ ಎಲ್ಲರೂ ಅಡುಗೆಮನೆಯನ್ನು ಆಗ್ನೇಯಕ್ಕೆ ಇಡುತ್ತಾರೆ. ಮುಂಗಾರಿನ ನಾಲ್ಕು ತಿಂಗಳು ಪಡುವಣ ಗಾಳಿ ಆ ಮೂಲೆಯ ಹೊಗೆಯನ್ನು ಹೊರಕ್ಕೆ ಎಳೆಯುತ್ತದೆ. ಆದರೆ ಕಾರ್ತೀಕ ಕಳೆದ ಮೇಲೆ ಬೀಸುವುದು ಮೂಡಣ ಗಾಳಿ. ಅದು ಅದೇ ಹೊಗೆಯನ್ನು ನಡುಮನೆಗೆ ನೂಕುತ್ತದೆ. ಚಳಿಗೆ ಕದ ಮುಚ್ಚುವ ಕಾಲವೂ ಅದೇ, ಅವರೆಕಾಳು ದೊಡ್ಡ ಪಾತ್ರೆಯಲ್ಲಿ ಬೇಯುವ ಕಾಲವೂ ಅದೇ, ನೆಲದ ಹತ್ತಿರ ತಣ್ಣನೆಯ ಗಾಳಿ ಕದಲದೆ ನಿಂತು ಬಚ್ಚಲೊಲೆಯ ಹೊಗೆ ಓಣಿಯಲ್ಲೇ ಎದೆಮಟ್ಟಕ್ಕೆ ತೇಲುವ ಕಾಲವೂ ಅದೇ. ವಾಸ್ತು ಕೇಳುವವರನ್ನು ಬೇಡವೆನ್ನಲಾಗದು. ಆಗ್ನೇಯದ ಅಡುಗೆಮನೆಗೆ ತೆಂಕಣ ಗೋಡೆಯಲ್ಲೂ ಎತ್ತರಕ್ಕೊಂದು ಕಿಂಡಿ ಬಿಡಿ ಎಂದು ಮೇಸ್ತ್ರಿಗೆ ಹೇಳಿದರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ.

ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಪ್ರಯತ್ನದ ಕಥೆ ದೊಡ್ಡದು, ಅದರ ಒಂದು ಮುಖ್ಯ ಅಧ್ಯಾಯ ಕರ್ನಾಟಕದ್ದು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು 1953ರಲ್ಲೇ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕ ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆಗೆ ಬಾಯಿ, ಸೌದೆಗೆ ಕಬ್ಬಿಣದ ಜಾಲಿ, ಬೆಂಕಿಗೂಡಿಗೆ ಬಾಗಿಲು, ಹಿಂದೆ ಮಾಡು ದಾಟುವ ಚಿಮಣಿ. ಸೌದೆಯೂ ಉಳಿಯಬೇಕು, ಹೊಗೆಯೂ ಹೋಗಬೇಕು ಎಂಬ ಎರಡು ಗುರಿಗಳನ್ನು ಒಂದೇ ಮಣ್ಣಿನ ಮುದ್ದೆಯಲ್ಲಿ ಸಾಧಿಸಿದ ವಿನ್ಯಾಸ ಅದು. ಕಟ್ಟುವ ಕೈ ತರಬೇತಿ ಪಡೆದಿದ್ದರೆ ಚೆನ್ನಾಗಿ ಉರಿಯುತ್ತಿತ್ತು. ಬಾಯಿಯ ಅಳತೆ, ಬೆಂಕಿಗೂಡಿನ ಆಳ ಒಂದಿಷ್ಟು ತಪ್ಪಿದರೂ ಹೊಗೆ ಚಿಮಣಿ ಬಿಟ್ಟು ಮುಖಕ್ಕೇ ಬರುತ್ತಿತ್ತು.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಎರಡು ದಶಕಗಳಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿತು. ಗುರಿ ಇದ್ದದ್ದು ಹಾಕಿಸಿದ ಒಲೆಗಳ ಎಣಿಕೆಗೆ, ಉರಿಯುತ್ತಿರುವ ಒಲೆಗಳ ಎಣಿಕೆಗಲ್ಲ. ಚಿಮಣಿಯಲ್ಲಿ ಮಸಿ ಕಟ್ಟಿತು, ತುದಿಯ ಟೋಪಿ ಹಾರಿಹೋಯಿತು, ಮಾಡು ತೂತಾದ ಕಡೆ ಮಳೆ ಸೋರಿತು. ತಿಂಗಳಿಗೊಮ್ಮೆ ಕೊಳವೆ ತೆಗೆದು ಬಡಿದು ಚೊಕ್ಕ ಮಾಡುವ ಕೆಲಸ ಯಾರದೆಂದು ಯಾರೂ ಹೇಳಿರಲಿಲ್ಲ. ಒಡಿಶಾದಲ್ಲಿ ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್, ರೇಮಾ ಹನ್ನಾ ಇಂಥದೇ ಚಿಮಣಿ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಹೆಂಗಸರು ಕುಡಿದ ಹೊಗೆ ಕಡಿಮೆಯಾಯಿತು. ಆಮೇಲೆ ದುರಸ್ತಿ ಇಲ್ಲದೆ, ಬಳಕೆ ತಪ್ಪಿ, ಪರಿಣಾಮ ಅಳಿಸಿಹೋಯಿತು. ನಮ್ಮ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕಾರ್ಬನ್ ಹಣದಿಂದ ಹಂಚಿದ ಸುಧಾರಿತ ಒಲೆಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನದು. ಹೊಸ ಒಲೆ ಪಡೆದ ಮನೆಗಳಲ್ಲಿ ಅನೇಕವು ಹಳೆಯದನ್ನೂ ಉರಿಸುತ್ತಲೇ ಇದ್ದವು. ಅಡುಗೆಮನೆಯ ಗಾಳಿ ನಿರೀಕ್ಷಿಸಿದಷ್ಟು ತಿಳಿಯಾಗಲಿಲ್ಲ.

ಚಿಮಣಿಯ ಬಗ್ಗೆ ಅತ್ಯಂತ ಕಟ್ಟುನಿಟ್ಟಾದ ಪ್ರಯೋಗ ಕರ್ಕ್ ಸ್ಮಿತ್ ತಂಡ ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ್ದು. ಐನೂರಕ್ಕೂ ಹೆಚ್ಚು ಮನೆಗಳಲ್ಲಿ ಅರ್ಧಕ್ಕೆ ಚಿಮಣಿ ಒಲೆ ಕೊಟ್ಟರು, ಒಲೆಗಳಿಗೆ ಕಾಲಕಾಲಕ್ಕೆ ದುರಸ್ತಿಯನ್ನೂ ಮಾಡಿಸಿದರು. ಅಡುಗೆಮನೆಯ ಕಾರ್ಬನ್ ಮಾನಾಕ್ಸೈಡ್ ಶೇ 90ರಷ್ಟು ಇಳಿಯಿತು. ಮಕ್ಕಳು ಉಸಿರಾಡಿದ್ದು ಇಳಿದದ್ದು ಅರ್ಧದಷ್ಟೇ. ವೈದ್ಯರು ಗುರುತಿಸಿದ ಒಟ್ಟು ನ್ಯುಮೋನಿಯಾ ಪ್ರಕರಣಗಳಲ್ಲಿ ಖಚಿತವಾಗಿ ಹೇಳುವಂಥ ಇಳಿಕೆ ಕಾಣಲಿಲ್ಲ. ತೀವ್ರ ನ್ಯುಮೋನಿಯಾ ಮಾತ್ರ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ತೊಂಬತ್ತು ಯಾಕೆ ಐವತ್ತಾಯಿತು? ಹೊಗೆ ಕೋಣೆಯಿಂದ ಹೋಯಿತೇ ಹೊರತು ಊರಿನಿಂದ ಹೋಗಲಿಲ್ಲ. ಒಬ್ಬರ ಚಿಮಣಿಯಿಂದ ಹೊರಟದ್ದು ಇನ್ನೊಬ್ಬರ ಕಿಟಕಿಯಲ್ಲಿ ಇಳಿಯುತ್ತದೆ. ಸೂಲಿಬೆಲೆಯಂಥ ಊರಿನ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವ ಕಡೆ ಇದು ಇನ್ನೂ ಹೆಚ್ಚು. ದಕ್ಷಿಣ ಏಷ್ಯಾದ ಹೊರಗಿನ ಗಾಳಿಯ ಸೂಕ್ಷ್ಮಕಣಗಳಲ್ಲಿ ಸುಮಾರು ಕಾಲುಭಾಗ ಅಡುಗೆ ಒಲೆಗಳದೇ ಎಂಬ ಅಂದಾಜೂ ಇದೆ.

ಹಾಗಾದರೆ ಗ್ಯಾಸ್ ಬಂದರೆ ಮುಗಿಯಿತೆ? 2016ರ ಮೇ 1ರಂದು ಉತ್ತರಪ್ರದೇಶದ ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆ ಹತ್ತು ಕೋಟಿಗೂ ಹೆಚ್ಚು ಸಂಪರ್ಕ ಕೊಟ್ಟಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು 2015–16ರಲ್ಲಿ ಶೇ 54.7 ಇದ್ದದ್ದು 2019–21ರ ಹೊತ್ತಿಗೆ ಶೇ 79.7 ಆದವು. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ದೊಡ್ಡ ಬದಲಾವಣೆ ಮೆಚ್ಚಬೇಕಾದದ್ದೇ. ಆದರೆ ಆ ಸಮೀಕ್ಷೆ ಕೇಳುವುದು ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದೆಂದು. ಸ್ನಾನದ ನೀರನ್ನು ಯಾವುದರಿಂದ ಕಾಯಿಸುತ್ತೀರಿ ಎಂಬುದು ಆ ಉತ್ತರದಲ್ಲಿ ಬರುವುದಿಲ್ಲ. ಹೊಸಕೋಟೆಯ ಹಳ್ಳಿಗಳಲ್ಲಿ ಹೊಗೆ ಅವಿತುಕೊಂಡಿರುವುದೇ ಅಲ್ಲಿ. ಅಡುಗೆ ಗ್ಯಾಸ್‌ನಲ್ಲಿ, ಹಂಡೆಯ ನೀರು ಸೌದೆಯಲ್ಲಿ. ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಪುಳ್ಳೆ, ತೆಂಗಿನ ಗರಿ ಪುಕ್ಕಟೆ ಸಿಗುವಾಗ ನೀರು ಕಾಯಿಸಲು ಸಿಲಿಂಡರ್ ಖರ್ಚು ಮಾಡಲು ಯಾರಿಗೂ ಮನಸ್ಸು ಬಾರದು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ 2017ರಲ್ಲಿ ನಿಷೇಧಿಸಿದರೂ ಹಳೆಯ ತೋಪುಗಳ ಬುಡ ಚಿಗುರುತ್ತಲೇ ಇದೆ. ಹಂಡೆ ಒಲೆ ಅಡುಗೆ ಒಲೆಗಿಂತ ಕೆಟ್ಟದಾಗಿ ಉರಿಯುತ್ತದೆ. ಹಸಿ ಕಡ್ಡಿಯನ್ನೂ ಕಸವನ್ನೂ, ಕೆಲವೊಮ್ಮೆ ಪ್ಲಾಸ್ಟಿಕ್ ಕವರನ್ನೂ ಅದಕ್ಕೇ ತುಂಬುತ್ತಾರೆ. ನಾನು ಮಾತಾಡಿಸಿದ ಹೆಂಗಸರಲ್ಲಿ ಕೆಮ್ಮಿನ ಬಗ್ಗೆ ಹೇಳುವಾಗ ಬಚ್ಚಲನ್ನು ನೆನೆಸಿಕೊಂಡವರೇ ಹೆಚ್ಚು.

ದೀರ್ಘಕಾಲದ ಪೆಟ್ಟನ್ನು ಅಳೆಯಲು ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಆ ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಕೆಲಸ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷದಿಂದ ಎಂದು ಗುಣಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ. ಅದು 60 ಮುಟ್ಟಿದ ಮೇಲೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಮನಾರ್ಹವಾಗಿ ಏರುತ್ತದೆಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ಬಂದವಳು ನಲವತ್ತಕ್ಕೆ ಅಲ್ಲಿಗೆ ಮುಟ್ಟುತ್ತಾಳೆ. ಬೀಡಿ ಸೇದದ ಹೆಂಗಸಿನ ಕೆಮ್ಮನ್ನು ಧೂಳು, ಅಲರ್ಜಿ ಎಂದು ತಳ್ಳಿಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ ಗುಣಿಸಿದರೆ ಸಾಕು. ಇದನ್ನು ಯಾವ ಆಶಾ ಕಾರ್ಯಕರ್ತೆಯೂ ಮಾಡಬಹುದು.

ಗ್ಯಾಸಿನ ಪರಿಣಾಮದ ಬಗ್ಗೆಯೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಸುಮಾರು 3,200 ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದ ‘ಹಾಪಿನ್’ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಗ್ಯಾಸ್ ಒಲೆ, ಸಿಲಿಂಡರ್ ಉಚಿತವಾಗಿ ಕೊಟ್ಟರು. ಅವರು ಉಸಿರಾಡಿದ ಪಿಎಂ 2.5ರ ಮಧ್ಯಾಂಕ 24ಕ್ಕೆ ಇಳಿಯಿತು. ಸೌದೆಯಲ್ಲೇ ಉಳಿದವರದು 70ರ ಆಸುಪಾಸು. ಇಷ್ಟಾದರೂ ಹುಟ್ಟಿದ ಮಕ್ಕಳ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2022ರಲ್ಲಿ, ತೀವ್ರ ನ್ಯುಮೋನಿಯಾ ಕಡಿಮೆಯಾಗಲಿಲ್ಲವೆಂದು 2024ರಲ್ಲಿ ವರದಿಗಳು ಬಂದವು. ಇದರಿಂದ ಗ್ಯಾಸ್ ವ್ಯರ್ಥ ಎಂಬ ತೀರ್ಮಾನಕ್ಕೆ ಬರುವುದು ಆತುರ. ಗರ್ಭದ ಕೆಲವು ತಿಂಗಳು, ಮಗುವಿನ ಮೊದಲ ವರ್ಷ ಇವಿಷ್ಟೇ ಆ ಪ್ರಯೋಗದ ಅವಧಿ. ಮೂವತ್ತು ವರ್ಷದ ಶ್ವಾಸಕೋಶದ ಸವೆತ ಅದರೊಳಗೆ ಬರುವುದಿಲ್ಲ. ಮೇಲಾಗಿ 24 ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿಯಾದ 5ರಿಂದ ಇನ್ನೂ ಬಹಳ ದೂರ.

ಗ್ಯಾಸ್ ಉರಿಯುವಾಗಲೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದಾಗ ಏಳುವ ಘಾಟಿನಲ್ಲೂ ಸೂಕ್ಷ್ಮಕಣಗಳಿವೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿದರೆ ಅದು ಎಳೆಯಲು ಗಾಳಿಯೇ ಇರುವುದಿಲ್ಲ. ಎಲ್ಲಕ್ಕಿಂತ ಭೀಕರವಾದದ್ದು ಬಚ್ಚಲೊಳಗಿನ ಗ್ಯಾಸ್ ಗೀಸರ್. ಸಣ್ಣ ಕೋಣೆ, ಮುಚ್ಚಿದ ಗವಾಕ್ಷಿ, ಆಮ್ಲಜನಕ ಸಾಲದೆ ಅರೆಬರೆ ಉರಿಯುವ ಬರ್ನರ್: ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ಚಳಿಗಾಲದಲ್ಲಿ ಇಂಥ ಸಾವುಗಳ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಗೀಸರನ್ನು ಬಚ್ಚಲ ಹೊರಗಿನ ಗೋಡೆಗೆ ಹಾಕಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದರೆ ಆ ಸಾವುಗಳು ತಪ್ಪುತ್ತವೆ. ಚಳಿಗೆ ಹುಳುಮನೆ ಬೆಚ್ಚಗಿರಲೆಂದು ಇದ್ದಿಲು ಒಲೆ ಇಟ್ಟು, ಕದ ಮುಚ್ಚಿ ಅಲ್ಲೇ ಮಲಗುವವರಿಗೂ ಇದೇ ಅಪಾಯ.

ಕಿಟಕಿ ಇದ್ದರೂ ಅದನ್ನು ತೆರೆಯದಿರಲು ಜನರಿಗೆ ಕಾರಣಗಳಿವೆ, ಅವನ್ನು ಅಸಡ್ಡೆ ಮಾಡುವುದು ಸರಿಯಲ್ಲ. ಮುಸ್ಸಂಜೆ ಸೊಳ್ಳೆ ನುಗ್ಗುವ ಹೊತ್ತೇ ಸಂಜೆಯ ಅಡುಗೆಯ ಹೊತ್ತು. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತಾರೆ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮಕಣ ಬಿಡುತ್ತದೆಂದು 2003ರ ಒಂದು ಅಧ್ಯಯನ ಅಳೆದಿದೆ. ಊಜಿನೊಣಕ್ಕೆ ಜಾಲರಿ ಹೊಡೆಸಿದ ಕೈ ಅದೇ ಜಾಲರಿಯ ತುಂಡನ್ನು ಅಡುಗೆಮನೆಯ ಕಿಟಕಿಗೂ ಹೊಡೆದರೆ ಗಾಳಿಯೂ ಸಿಗುತ್ತದೆ, ಬತ್ತಿಯೂ ಬೇಡವಾಗುತ್ತದೆ. ಹೆದ್ದಾರಿ 75ರ ಬದಿಯಲ್ಲಿರುವವರ ಸಂಕಟ ಬೇರೆ: ಕಿಟಕಿ ತೆರೆದರೆ ಲಾರಿಯ ಹೊಗೆ, ಮುಚ್ಚಿದರೆ ಒಲೆಯ ಹೊಗೆ. ಅಂಥ ಮನೆಗೆ ರಸ್ತೆಯ ಬೆನ್ನಿನ ಕಡೆಗೆ ಗಾಳಿಯ ದಾರಿ ಬೇಕು. ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಸುತ್ತ ಕಾರ್ಮಿಕರಿಗಾಗಿ ಎದ್ದಿರುವ ಸಾಲುಮನೆಗಳಿಗೆ ಬೆನ್ನೇ ಇಲ್ಲ. ಶೀಟಿನ ಚಾವಣಿ, ಒಂದೇ ಕೋಣೆ, ಒಂದೇ ಬಾಗಿಲು. ಮಂಚ, ಮಗು, ಐದು ಕಿಲೋ ಸಿಲಿಂಡರು ಎಲ್ಲವೂ ಒಂದೇ ಗಾಳಿಯಲ್ಲಿ. ಬಾಡಿಗೆಗಿರುವವರು ಗೋಡೆ ಒಡೆಯುವಂತಿಲ್ಲ, ಮಾಲೀಕರಿಗೆ ಅಲ್ಲಿ ಉಸಿರಾಡುವ ಅಗತ್ಯವಿಲ್ಲ.

ಕಲ್ಲಿನ ಮನೆಗಳ ಬಗ್ಗೆ ಒಂದು ಮಾತು. ಗ್ರಾನೈಟ್ ಶಿಲೆಯಲ್ಲೂ ನೆಲದಲ್ಲೂ ಇರುವ ಅತ್ಯಲ್ಪ ಯುರೇನಿಯಂ ಕ್ಷಯಿಸುವಾಗ ರೇಡಾನ್ ಅನಿಲ ಹುಟ್ಟಿ ಮುಚ್ಚಿದ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ. ಬೆಂಗಳೂರಿನ ಮನೆಗಳಲ್ಲಿ ಮಾಡಿದ ಅಳತೆಗಳೂ ಗಾಳಿ ಆಡದ, ಚಿಕ್ಕ ಕೋಣೆಗಳಲ್ಲೇ ಅದು ಹೆಚ್ಚೆಂದು ತೋರಿಸಿವೆ. ಹೊಗೆಯ ಮುಂದೆ ಇದು ಸಣ್ಣ ಅಪಾಯ, ಪರಿಹಾರ ಅದೇ ಕಿಟಕಿ.

ಹೀಗೆಲ್ಲ ನೋಡಿದ ಮೇಲೆ ನನಗೆ ತೋರುವ ಕ್ರಮ ಇದು. ಮೊದಲು ಹಂಡೆ ಒಲೆ ಮನೆಯ ಗೋಡೆಯ ಹೊರಕ್ಕೆ ಹೋಗಬೇಕು. ಬೆಂಗಳೂರಿನ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಸೋಲಾರ್ ವಾಟರ್ ಹೀಟರ್ ಬರೀ ನಲವತ್ತು ಕಿಲೋಮೀಟರ್ ದೂರದ ಈ ಹಳ್ಳಿಗಳಿಗೆ ಇನ್ನೂ ಹೆಚ್ಚು ಬೇಕು. ಇಲ್ಲಿನ ಬಿಸಿಲೂ ಅದೇ, ಹೊಗೆ ಮಾತ್ರ ಹೆಚ್ಚು. ಸಹಾಯಧನ ಅಡುಗೆಯ ಸಿಲಿಂಡರಿಗೆ ಇರುವಂತೆ ಸ್ನಾನದ ನೀರಿಗೂ ಇದ್ದರೆ ಹೆಂಗಸರು ಕುಡಿಯುವ ಹೊಗೆ ಅಂಕಿ–ಅಂಶದಲ್ಲೂ ಕಾಣುವಷ್ಟು ಇಳಿಯುತ್ತದೆ. ಸೌದೆ ಬಿಡಲಾಗದ ಮನೆಗೆ ಚಿಮಣಿ ಬೇಕು, ಅದನ್ನು ಚೊಕ್ಕ ಮಾಡುವವರಿಗೆ ಪಂಚಾಯಿತಿಯಿಂದ ಕೂಲಿ ಬೇಕು. ಒಲೆ ಯಾವುದೇ ಆಗಿರಲಿ, ಬಿಸಿಗಾಳಿ ಮೇಲೇರುವುದರಿಂದ ಒಲೆಯ ನೆತ್ತಿಯ ಹತ್ತಿರ ಚಾವಣಿಗೆ ತಾಗುವಂತೆ ಒಂದು ಕಿಂಡಿ, ತಣ್ಣನೆಯ ಗಾಳಿ ಒಳಬರಲು ಎದುರು ಗೋಡೆಯ ಕೆಳಭಾಗದಲ್ಲಿ ಇನ್ನೊಂದು ದಾರಿ ಇರಬೇಕು.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲದೆ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಡುಗೆಮನೆಗೆ ಕನಿಷ್ಠ ಒಂದು ಚದರ ಮೀಟರ್ ಕಿಟಕಿ, ಅದೂ ಬಯಲಿಗೆ ತೆರೆದುಕೊಳ್ಳುವಂಥದ್ದು ಇರಬೇಕೆನ್ನುತ್ತದೆ. ಅಂದರೆ ಸುಮಾರು ಮೂರಡಿಗೆ ಮೂರೂವರೆ ಅಡಿ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ 25 ಚದರ ಮೀಟರ್ ಮನೆಯಲ್ಲಿ ಅಡುಗೆಗೆ ಸ್ವಚ್ಛವಾದ ಪ್ರತ್ಯೇಕ ಜಾಗ ಇರಬೇಕೆಂಬ ಷರತ್ತಿದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಿಗೆ ಹಣ ಬಿಡುಗಡೆಯಾಗುವುದು ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂಬ ಹಂತಗಳಲ್ಲಿ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆಯುತ್ತಾರೆ. ಲಿಂಟಲ್ ಹಂತದ ಫೋಟೊಗೆ ಅಡುಗೆಮನೆಯ ಗೋಡೆಯನ್ನೂ ಸೇರಿಸಿ, ಕಿಟಕಿಯ ಜಾಗವೂ ಅದರ ಮೇಲಿನ ಕಿಂಡಿಯ ಜಾಗವೂ ಕಾಣದಿದ್ದರೆ ಮುಂದಿನ ಕಂತು ತಡೆಹಿಡಿಯುವುದಕ್ಕೆ ಹೊಸ ಯೋಜನೆ ಬೇಡ, ಹೊಸ ಅನುದಾನವೂ ಬೇಡ. ಆ ಹಂತದಲ್ಲಿ ಗೋಡೆ ಇನ್ನೂ ಎಳೆಯದು, ಆರು ಇಟ್ಟಿಗೆ ಕಡಿಮೆ ಇಟ್ಟರಾಯಿತು. ಚಾವಣಿ ಬಿದ್ದ ಮೇಲೆ ಅದೇ ತೂತು ಕೊರೆಯಲು ಒಂದು ದಿನದ ಕೂಲಿ, ಯಂತ್ರದ ಬಾಡಿಗೆ, ಮೇಲಿಂದ ಮೇಸ್ತ್ರಿಯ ಗೊಣಗಾಟ.